ಹಗುರ ಕಾರಿಗೆ ಎಷ್ಟು ಬ್ರೇಕ್ ಬೇಕು?

ಕೊಯಮತ್ತೂರಿನ ಹೊರವಲಯದ ಚೆಟ್ಟಿಪಾಳಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಫಾರ್ಮುಲಾ ಭಾರತ್ ಸ್ಪರ್ಧೆಗೆಂದು ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ತಾವೇ ಕಟ್ಟಿದ ಪುಟ್ಟ ರೇಸ್ ಕಾರುಗಳನ್ನು ಅಲ್ಲಿಗೆ ಹೇರಿಕೊಂಡು ಬರುತ್ತಾರೆ. ಕಾರು ಓಡಿ ತೋರಿಸುವ ಮೊದಲು ನಿಂತು ತೋರಿಸಬೇಕೆಂಬುದು ಅಲ್ಲಿನ ನಿಯಮ. ನೇರ ದಾರಿಯಲ್ಲಿ ವೇಗ ಹಿಡಿದ ಚಾಲಕ ಒಂದೇ ಏಟಿಗೆ ಬ್ರೇಕ್ ಒತ್ತುತ್ತಾನೆ. ಪಕ್ಕದಲ್ಲಿ ನಿಂತ ಪರೀಕ್ಷಕರ ಕಣ್ಣೆಲ್ಲ ಚಕ್ರಗಳ ಮೇಲೆ. ನಾಲ್ಕೂ ಚಕ್ರ ಲಾಕ್ ಆದರೆ ಪಾಸು. ಮೂರು ಲಾಕ್ ಆಗಿ ಒಂದು ತಿರುಗುತ್ತಲೇ ಇದ್ದರೆ ಕಾರು ವಾಪಸ್ ಶೆಡ್ಡಿಗೆ. ಈ ಪರೀಕ್ಷೆ ದಾಟದ ಕಾರಿಗೆ ಟ್ರ್ಯಾಕಿನ ಒಂದು ಸುತ್ತೂ ಸಿಗುವುದಿಲ್ಲ.

ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತವರಿಗೆ ಇದು ತಲೆಕೆಳಗಾದ ಪರೀಕ್ಷೆ ಅನ್ನಿಸಬಹುದು. ಲಾಕ್ ಆಗಿ ಜಾರುವ ಟೈರು ತಿರುಗುತ್ತಿರುವ ಟೈರಿಗಿಂತ ಕಡಿಮೆ ಹಿಡಿತ ಕೊಡುತ್ತದೆ. ಮುಂದಿನ ಚಕ್ರ ಜಾಮ್ ಆದರೆ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಎಬಿಎಸ್ ಹುಟ್ಟಿದ್ದೇ ಅದನ್ನು ತಪ್ಪಿಸಲು. ಹಾಗಿದ್ದೂ ಪರೀಕ್ಷಕರು ಲಾಕ್ ಕೇಳುವುದಕ್ಕೆ ಕಾರಣವಿದೆ. ಚಕ್ರ ಲಾಕ್ ಆಯಿತೆಂದರೆ ಬ್ರೇಕಿನ ಬಲ ಟೈರಿನ ಹಿಡಿತವನ್ನು ಮೀರಿತು ಎಂದರ್ಥ. ಅಲ್ಲಿಂದಾಚೆಗೆ ಇನ್ನೂ ದೊಡ್ಡ ಡಿಸ್ಕ್, ಇನ್ನೂ ದುಬಾರಿ ಕ್ಯಾಲಿಪರ್ ಹಾಕಿದರೂ ಆ ಒಂದು ಬ್ರೇಕಿಗೆ ಕಾರು ಒಂದಡಿ ಮೊದಲು ನಿಲ್ಲುವುದಿಲ್ಲ. ತೂಕ ಮಾತ್ರ ಏರುತ್ತದೆ. ಹಗುರ ಕಾರಿನಲ್ಲಿ ಬ್ರೇಕ್ ಸಾಲದೆ ಕೆಲಸ ಕೆಡುವುದು ಅಪರೂಪ. ಒಂದಕ್ಕೊಂದು ಹೊಂದದೆ ಕೆಡುವುದೇ ಹೆಚ್ಚು.

ಗುಜರಿಯಿಂದ ಎದ್ದ ರೇಸ್ ಕಾರುಗಳು

ಮನೆಯ ಶೆಡ್ಡಿನಲ್ಲಿ ಸ್ಪರ್ಧೆಯ ಕಾರು ಕಟ್ಟುವ ಹುಚ್ಚಿಗೆ ಬ್ರಿಟನ್ನಿನಲ್ಲಿ ಹಳೆಯ ಇತಿಹಾಸವಿದೆ. ಅಗ್ಗದ ಆಸ್ಟಿನ್ ಸೆವೆನ್ ಕಾರನ್ನೇ ನೆಚ್ಚಿಕೊಂಡವರು 1939ರಲ್ಲಿ 750 ಮೋಟಾರ್ ಕ್ಲಬ್ ಕಟ್ಟಿಕೊಂಡರು. ಲೋಟಸ್ ಕಂಪನಿಯ ಕಾಲಿನ್ ಚಾಪ್‌ಮನ್ ತನ್ನ ಮೊದಲ ಕಾರನ್ನು 1948ರಲ್ಲಿ ಕಟ್ಟಿದ್ದು ಹಳೆಯ ಆಸ್ಟಿನ್ ಸೆವೆನ್ ಒಂದನ್ನು ಬಿಚ್ಚಿ. ಜಾಗ, ಗೆಳತಿಯ ತಂದೆತಾಯಿಯ ಮನೆ ಹಿಂದಿನ ಗ್ಯಾರೇಜು. ಆ ಆಸ್ಟಿನ್ನಿನ ಬ್ರೇಕ್ ಕೇಬಲ್ ಎಳೆತದ್ದು. ಶುರುವಿನ ಮಾದರಿಗಳಲ್ಲಂತೂ ಕಾಲಿನ ಪೆಡಲ್ ಹಿಂದಿನ ಚಕ್ರಗಳನ್ನು ಹಿಡಿದರೆ, ಮುಂದಿನ ಚಕ್ರಗಳಿಗೆ ಕೈಲಿವರ್ ಎಳೆಯಬೇಕಿತ್ತು. ಎರಡೂ ಒಂದೇ ಪೆಡಲಿಗೆ ಸೇರಿದ್ದು 1930ರ ಹೊತ್ತಿಗೆ.

ಚಾಪ್‌ಮನ್‌ನ ಲೋಟಸ್ ಸೆವೆನ್ 1957ರಲ್ಲಿ ಬಿಡಿಭಾಗಗಳ ಕಿಟ್ ಆಗಿ ಮಾರಾಟಕ್ಕೆ ಬಂತು. ಕೊಂಡವರು ಮನೆಯಲ್ಲೇ ಜೋಡಿಸಿಕೊಂಡರೆ ತೆರಿಗೆ ಉಳಿಯುತ್ತಿತ್ತು. ಅದೇ ಆಕಾರದ ಕಾರನ್ನು ಇನ್ನಷ್ಟು ಅಗ್ಗದಲ್ಲಿ ಮಾಡುವ ದಾರಿಯನ್ನು ರಾನ್ ಚಾಂಪಿಯನ್ ಎಂಬ ಶಾಲಾ ಶಿಕ್ಷಕರು 1996ರಲ್ಲಿ ಪುಸ್ತಕವಾಗಿ ಬರೆದರು. ಚೌಕಾಕಾರದ ಕಬ್ಬಿಣದ ಪೈಪಿನ ಚಾಸಿಸ್ ಬೆಸುಗೆ ಹಾಕಿ, ಹಳೆಯ ಫೋರ್ಡ್ ಎಸ್ಕಾರ್ಟ್ ಒಂದರ ಎಂಜಿನ್, ಆಕ್ಸಲ್, ಬ್ರೇಕ್ ಎಲ್ಲವನ್ನೂ ಅದಕ್ಕೆ ಕೂರಿಸುವುದು ಅವರ ವಿಧಾನ. ಲೋಕಾಸ್ಟ್ ಎಂಬ ಹೆಸರು ಅಂಟಿಕೊಂಡ ಆ ಕಾರುಗಳಿಗೆ 750 ಮೋಟಾರ್ ಕ್ಲಬ್ ಪ್ರತ್ಯೇಕ ರೇಸನ್ನೇ ನಡೆಸುತ್ತ ಬಂದಿದೆ.

ನಮ್ಮಲ್ಲಿ ಈ ಕೆಲಸಕ್ಕೆ ದೊಡ್ಡ ಹೆಸರು ಕೊಯಮತ್ತೂರಿನ ಎಸ್. ಕರಿವರ್ಧನ್. ಮಾರುತಿ 800ರ ಎಂಜಿನ್ ಇಟ್ಟು ಒಂಟಿ ಸೀಟಿನ ಫಿಸ್ಮೆ ರೇಸ್ ಕಾರು ರೂಪಿಸಿದವರು ಅವರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು; ಚೆಟ್ಟಿಪಾಳಯದ ಟ್ರ್ಯಾಕಿಗೆ ಇಟ್ಟಿರುವುದು ಅವರದೇ ಹೆಸರು. ಇನ್ನು ವಿದ್ಯಾರ್ಥಿಗಳ ಫಾರ್ಮುಲಾ ಸ್ಪರ್ಧೆ ಹುಟ್ಟಿದ್ದು 1981ರಲ್ಲಿ, ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಕ್ಯಾಂಪಸ್ಸಿನಲ್ಲಿ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡ 2003ರಿಂದ ಇಂಥ ಕಾರುಗಳನ್ನು ಕಟ್ಟುತ್ತಿದೆ.

ಈ ಎಲ್ಲ ಕಾರುಗಳಿಗೂ ಇರುವ ಪೇಚು ಒಂದೇ: ಬ್ರೇಕು ಬೇರೆ ಗಾಡಿಯದು. ಎಸ್ಕಾರ್ಟ್ ಸುಮಾರು 900 ಕೆಜಿಯ ಕಾರು. ಅದರ ಬ್ರೇಕ್ ಬಂದು ಕೂರುವ ಲೋಕಾಸ್ಟ್ ಅದಕ್ಕಿಂತ ನೂರಾರು ಕೆಜಿ ಹಗುರ, ನೆಲಕ್ಕೂ ಹತ್ತಿರ. ಭಾರತದ ಕಾಲೇಜು ತಂಡಗಳು ಬೈಕಿನ ಕ್ಯಾಲಿಪರ್, ಮಾರುತಿಯ ಮಾಸ್ಟರ್ ಸಿಲಿಂಡರ್, ವಿದೇಶದಿಂದ ತರಿಸಿದ ಒಂದೆರಡು ಭಾಗ, ಹೀಗೆ ಮೂರು ಮನೆಯ ಸಾಮಾನನ್ನು ಒಂದೇ ಗಾಡಿಯಲ್ಲಿ ಕೂಡಿಸುತ್ತವೆ. ಪ್ರತಿಯೊಂದು ಭಾಗವೂ ತನ್ನ ಮೂಲ ಗಾಡಿಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಅವು ಒಟ್ಟಿಗೆ ಸೇರಿದಾಗ ಏನಾಗುತ್ತದೆಂದು ಲೆಕ್ಕ ಹಾಕದೆ ತಿಳಿಯದು. ಅನುಭವಸ್ಥರು ಆ ಲೆಕ್ಕವನ್ನು ಟೈರಿನಿಂದ ಶುರುಮಾಡಿ, ಹಿಮ್ಮುಖವಾಗಿ ಚಾಲಕನ ಪಾದದವರೆಗೆ ತರುತ್ತಾರೆ.

ಮುಂದೆ ಎಷ್ಟು, ಹಿಂದೆ ಎಷ್ಟು

ಚಾಲಕನೂ ಸೇರಿ 300 ಕೆಜಿ ತೂಗುವ ಒಂದು ವಿದ್ಯಾರ್ಥಿ ಕಾರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಎಂಜಿನ್ ಹಿಂದಿದೆ. ನಿಂತಾಗ ಮುಂದಿನ ಚಕ್ರಗಳ ಮೇಲೆ 135 ಕೆಜಿ, ಹಿಂದಿನವುಗಳ ಮೇಲೆ 165 ಕೆಜಿ. ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ 1.55 ಮೀಟರ್, ಕಾರಿನ ಭಾರಕೇಂದ್ರ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿದೆ.

ಸಿಟಿ ಬಸ್ಸು ಬ್ರೇಕ್ ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ವಾಲುವಂತೆ ಕಾರಿನ ಭಾರವೂ ಮುಂದಿನ ಚಕ್ರಗಳ ಮೇಲೆ ವಾಲುತ್ತದೆ. ಎಷ್ಟು ವಾಲುತ್ತದೆ ಎಂಬುದು ಟೈರಿನ ಹಿಡಿತಕ್ಕೆ ಬಿಟ್ಟದ್ದು. ಒಣ ಟಾರಿನ ಮೇಲೆ ಮೆತ್ತನೆಯ ರೇಸ್ ಟೈರು ಗುರುತ್ವದ 1.4 ಪಟ್ಟಿನಷ್ಟು ತಡೆ ಕೊಟ್ಟಿತು ಎನ್ನೋಣ. ಆಗ ಸುಮಾರು 81 ಕೆಜಿ ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ಮುಂದಿನ ಜೋಡಿಯ ಮೇಲೆ 216 ಕೆಜಿ, ಹಿಂದಿನ ಜೋಡಿಯ ಮೇಲೆ ಬರೀ 84. ನಿಂತಾಗ ಹಿಂಭಾರವಾಗಿದ್ದ ಕಾರು ಬ್ರೇಕ್ ಹಿಡಿದ ಗಳಿಗೆಯಲ್ಲಿ ತೂಕದ ಶೇ 72ರಷ್ಟನ್ನು ಮುಂದಿನ ಚಕ್ರಗಳ ಮೇಲೆ ಹೊತ್ತಿರುತ್ತದೆ. ಟೈರು ಹಿಡಿಯುವುದು ತನ್ನ ಮೇಲಿನ ಭಾರಕ್ಕೆ ತಕ್ಕಷ್ಟು. ಆದ್ದರಿಂದ ಬ್ರೇಕಿನ ಬಲವೂ ಇದೇ ಪ್ರಮಾಣದಲ್ಲಿ ಹಂಚಿಕೆಯಾಗಬೇಕು.

ಹಂಚಿಕೆ ತಪ್ಪಿದರೆ? ಮುಂದೆ ಹೆಚ್ಚಾದರೆ ಮುಂದಿನ ಚಕ್ರ ಲಾಕ್ ಆಗಿ ಕಾರು ತಿರುವಿನಲ್ಲಿ ತಿರುಗದೆ ನೇರ ಹೋಗುತ್ತದೆ. ಹಿಂದೆ ಹೆಚ್ಚಾದರೆ ಅಪಾಯ ಇನ್ನೂ ದೊಡ್ಡದು. ಹಿಂದಿನ ಟೈರು ಅಡ್ಡ ಹಿಡಿತವನ್ನೂ ಕಳೆದುಕೊಂಡು ಬಾಲವೇ ಮುಂದೆ ಬರುವಂತೆ ಕಾರು ಗಿರ್ರನೆ ಸುತ್ತುತ್ತದೆ. ಹಾಗಾಗಿ ಮುಂದಿನ ಜೋಡಿ ಕೂದಲೆಳೆಯಷ್ಟು ಮೊದಲು ಲಾಕ್ ಆಗುವಂತೆ ಹೊಂದಿಸುವುದು ವಾಡಿಕೆ.

ಬಿಡಿಭಾಗ ಕೊಟ್ಟ ದಾನಿ ಕಾರಿನ ಬ್ರೇಕನ್ನು ಇದ್ದಂತೆಯೇ ಕೂರಿಸಿದರೆ ಕಷ್ಟ ಇಲ್ಲೇ ಶುರುವಾಗುತ್ತದೆ. ಮುಂದೆ ಎಂಜಿನ್ ಇರುವ, ಎತ್ತರದ ಮನೆಬಳಕೆಯ ಕಾರಿಗೆ ಕಂಪನಿ ಮುಂದಿನ ಬ್ರೇಕನ್ನು ಬಲವಾಗಿ, ಹಿಂದಿನದನ್ನು ಸಣ್ಣದಾಗಿ ಮಾಡಿರುತ್ತದೆ. ಅದೇ ಜೋಡಿ ನೆಲಕ್ಕಂಟಿದ, ಹಿಂದೆ ಎಂಜಿನ್ ಇರುವ ಕಾರಿಗೆ ಬಂದರೆ ಮುಂದಿನ ಚಕ್ರಗಳು ಬೇಗ ಜಾಮ್ ಆಗುತ್ತವೆ, ಹಿಂದಿನ ಟೈರಿನ ಹಿಡಿತ ಬಳಕೆಯಾಗದೆ ಉಳಿಯುತ್ತದೆ.

ಡಿಸ್ಕಿನ ದಪ್ಪ, ಡಿಸ್ಕಿನ ಬಿಸಿ

ಡ್ರಮ್ಮೋ ಡಿಸ್ಕೋ ಎಂಬ ಚರ್ಚೆಯನ್ನು ರೇಸಿನ ಮಟ್ಟಿಗೆ ತೀರ್ಮಾನಿಸಿದ್ದು 1953ರ ಲ ಮಾನ್ 24 ಗಂಟೆಗಳ ಓಟ. ಡನ್‌ಲಪ್ ಡಿಸ್ಕ್ ಬ್ರೇಕ್ ಇದ್ದ ಜಾಗ್ವಾರ್ ಸಿ-ಟೈಪ್ ಕಾರಿನಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ದರು. ಆ ಓಟದ ಸರಾಸರಿ ವೇಗ ಗಂಟೆಗೆ ನೂರು ಮೈಲಿ ದಾಟಿದ್ದು ಅದೇ ಮೊದಲು. ಎರಡು ವರ್ಷದ ನಂತರ ಮರ್ಸಿಡಿಸ್ ಅದೇ ಟ್ರ್ಯಾಕಿಗೆ ಡ್ರಮ್ ಬ್ರೇಕಿನ 300 ಎಸ್‌ಎಲ್‌ಆರ್ ತಂದಾಗ, ಡ್ರಮ್ಮಿನ ಹೊರೆ ತಗ್ಗಿಸಲು ಚಾಲಕನ ಬೆನ್ನ ಹಿಂದೆ ಎದ್ದು ನಿಂತು ಗಾಳಿ ತಡೆಯುವ ದೊಡ್ಡ ಹಲಗೆಯನ್ನೇ ಕೂರಿಸಬೇಕಾಯಿತು. ಡ್ರಮ್ಮಿನ ಒಳಗೆ ಹುಟ್ಟಿದ ಬಿಸಿ ಒಳಗೇ ಉಳಿಯುತ್ತದೆ. ಡಿಸ್ಕು ಗಾಳಿಗೆ ಮೈಯೊಡ್ಡಿ ತಿರುಗುತ್ತದೆ.

ಹಾಗೆಂದು ಹಗುರ ಕಾರಿನ ಹಿಂಚಕ್ರಕ್ಕೆ ಡ್ರಮ್ ಕೂಡದು ಎಂದೇನಿಲ್ಲ. ಲೋಕಾಸ್ಟ್ ಕಟ್ಟುವವರು ಎಸ್ಕಾರ್ಟಿನ ಮುಂದಿನ ಡಿಸ್ಕ್, ಹಿಂದಿನ ಡ್ರಮ್ ಹಾಗೆಯೇ ಉಳಿಸಿಕೊಳ್ಳುತ್ತಾರೆ. ಹಿಂದಿನ ಬ್ರೇಕಿನ ಪಾಲು ಹೇಗೂ ಕಡಿಮೆ, ಜೊತೆಗೆ ಹ್ಯಾಂಡ್‌ಬ್ರೇಕ್ ಸಿದ್ಧವಾಗಿ ಸಿಗುತ್ತದೆ. ಕಾಲೇಜು ಕಾರುಗಳಲ್ಲಿ ಎಲ್ಲ ಕಡೆ ಡಿಸ್ಕೇ. ಹತ್ತಿಂಚಿನ ಚಕ್ರದ ಒಳಗೆ ಹಬ್, ಡಿಸ್ಕ್, ಕ್ಯಾಲಿಪರ್ ಎಲ್ಲವೂ ಹಿಡಿಸಬೇಕಾದ್ದರಿಂದ ಅಲ್ಲಿ 180 ಮಿ.ಮೀ. ಆಸುಪಾಸಿನ ಡಿಸ್ಕಿಗಷ್ಟೇ ಜಾಗ.

ಬ್ರೇಕ್ ಮಾಡುವ ಕೆಲಸ ವೇಗವನ್ನು ಬಿಸಿಯಾಗಿ ಬದಲಿಸುವುದು. ನಮ್ಮ 300 ಕೆಜಿ ಕಾರು ಗಂಟೆಗೆ 80 ಕಿ.ಮೀ. ವೇಗದಿಂದ ಪೂರ್ತಿ ನಿಂತರೆ 74 ಕಿಲೋಜೂಲ್ ಶಕ್ತಿ ಬಿಸಿಯಾಗಿ ಹೊರಬರಬೇಕು. ಅದರ ಶೇ 72 ಮುಂದಿನ ಎರಡು ಡಿಸ್ಕಿಗೆ. ಐದು ಮಿ.ಮೀ. ದಪ್ಪದ ಉಕ್ಕಿನ ತಗಡಿನಿಂದ ಕತ್ತರಿಸಿದ ಆ ಡಿಸ್ಕಿನ ತೂಕ 600 ಗ್ರಾಂ ಚಿಲ್ಲರೆ. ತಣಿಯಲು ಸಮಯವೇ ಸಿಗದಿದ್ದರೆ ಒಂದೇ ಬ್ರೇಕಿಗೆ ಅದರ ಬಿಸಿ 95 ಡಿಗ್ರಿಯಷ್ಟು ಏರುತ್ತದೆ. ಇನ್ನೊಂದು ಕಡೆ, ಚಾಲಕನೂ ಸೇರಿ 600 ಕೆಜಿ ತೂಗುವ ಲೋಕಾಸ್ಟ್ ಮಾದರಿಯ ಕಾರಿನಲ್ಲಿ ತಲಾ ನಾಲ್ಕು ಕೆಜಿಯ ಎರಕದ ಡಿಸ್ಕ್ ಇದೆ ಎನ್ನಿ. ಅದು ನೂರು ಕಿ.ಮೀ. ವೇಗದಿಂದ ನಿಂತರೂ ಡಿಸ್ಕಿನ ಬಿಸಿ ಏರುವುದು ನಲವತ್ತು ಡಿಗ್ರಿ ಅಷ್ಟೇ.

ಎರಡಕ್ಕೂ ಅವುಗಳದೇ ತಾಪತ್ರಯ. ತೆಳು ಡಿಸ್ಕು ಬೇಗ ಕಾಯುತ್ತದೆ. ತೂಕ ಉಳಿಸುವ ಆಸೆಯಿಂದ ಅದಕ್ಕೆ ಇನ್ನಷ್ಟು ತೂತು ಕೊರೆದರೆ ಬಿಸಿ ಹೀರುವ ಲೋಹವೇ ಕಡಿಮೆಯಾಗಿ ಡಿಸ್ಕು ಸೊಟ್ಟಗಾಗಬಹುದು. ದಪ್ಪ ಡಿಸ್ಕು ಕಾಯುವುದೇ ಇಲ್ಲ. ಕಾಯದ ಡಿಸ್ಕಿಗೆ ರೇಸಿನ ಪ್ಯಾಡ್ ಹಾಕಿದರೆ ಏನಾಗುತ್ತದೆ ಎಂಬುದು ಮುಂದೆ ಬರುತ್ತದೆ. ಬೆಂಗಳೂರಿನ ಪೀಣ್ಯದಂಥ ಕಡೆ ಲೇಸರ್ ಕಟಿಂಗ್‌ಗೆ ಡ್ರಾಯಿಂಗ್ ಕೊಡುವ ಮೊದಲೇ, ಈ ಓಟದಲ್ಲಿ ಕಾರು ಎಷ್ಟು ಸಲ, ಎಷ್ಟು ವೇಗದಿಂದ ನಿಧಾನಿಸುತ್ತದೆ ಎಂಬುದನ್ನು ತಂಡ ಕೂತು ಬರೆದುಕೊಂಡಿರಬೇಕು.

ತೂಕ ಉಳಿಸಲು ಇನ್ನೊಂದು ದಾರಿ, ಬ್ರೇಕನ್ನು ಚಕ್ರದಿಂದ ಕಳಚಿ ಚಾಸಿಸ್ಸಿನ ಒಳಗೆ ಕೂರಿಸುವುದು. ಚಕ್ರದ ಜೊತೆ ಕುಣಿಯುವ ತೂಕ ಇಳಿದರೆ ಟೈರು ನೆಲವನ್ನು ಬಿಡದೆ ಹಿಡಿಯುತ್ತದೆ. ಲೋಟಸ್ 72 ಫಾರ್ಮುಲಾ ಒನ್ ಕಾರಿನಲ್ಲಿ ಮುಂದಿನ ಬ್ರೇಕೂ ಒಳಗಿತ್ತು; ಚಕ್ರಕ್ಕೂ ಡಿಸ್ಕಿಗೂ ನಡುವೆ ಒಂದು ಶಾಫ್ಟು. 1970ರಲ್ಲಿ ಮೋಂಝಾದಲ್ಲಿ ಅದರ ಚಾಲಕ ಯೋಕನ್ ರಿಂಟ್ ಬ್ರೇಕ್ ಹಿಡಿದಾಗ ಕಾರು ಎಡಕ್ಕೆ ಎಳೆದು ತಡೆಗೋಡೆಗೆ ನುಗ್ಗಿತು, ಅವರು ತೀರಿಕೊಂಡರು. ಆ ಶಾಫ್ಟು ಮುರಿದದ್ದೇ ಅಪಘಾತದ ಮೂಲ ಎಂದು ತನಿಖೆ ಹೇಳಿತು. ಕಾಲೇಜು ಕಾರುಗಳಲ್ಲಿ ಹಿಂದೆ ಡಿಫರೆನ್ಷಿಯಲ್ ಮೇಲೆ ಒಂದೇ ಡಿಸ್ಕ್ ಕೂರಿಸಲು ನಿಯಮ ಒಪ್ಪುತ್ತದೆ, ಡಿಫರೆನ್ಷಿಯಲ್ ಲಿಮಿಟೆಡ್ ಸ್ಲಿಪ್ ಮಾದರಿಯದಾಗಿದ್ದರೆ ಮಾತ್ರ. ಒಂದು ಕ್ಯಾಲಿಪರ್, ಒಂದು ಡಿಸ್ಕ್ ಉಳಿಯುತ್ತದೆ. ಅದಕ್ಕೆ ಬದಲಾಗಿ ಹಿಂದಿನ ಆಕ್ಸಲ್ ಶಾಫ್ಟುಗಳು ಎಂಜಿನ್ನಿನ ಎಳೆತದ ಜೊತೆಗೆ ಬ್ರೇಕಿನ ತಿರುಚನ್ನೂ ತಾಳುವಷ್ಟು ಗಟ್ಟಿ ಇರಬೇಕಾಗುತ್ತದೆ.

ದೊಡ್ಡ ಸಿಲಿಂಡರ್, ಸಣ್ಣ ಬಲ

ಕ್ಯಾಲಿಪರ್ ಆಯ್ಕೆಯಲ್ಲಿ ಹಗುರ ಕಾರಿಗೆ ಬೈಕಿನ ಲೋಕ ಒಳ್ಳೆಯ ನೆಂಟ. ಬ್ರೆಂಬೋ ಕಂಪನಿಯ ಬೈಬ್ರೆ ಬ್ರ್ಯಾಂಡಿನ ಕ್ಯಾಲಿಪರುಗಳು ಕೆಟಿಎಂ ಡ್ಯೂಕ್‌ನಂಥ ಬೈಕುಗಳಲ್ಲಿ ಬರುತ್ತವೆ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಪೇಟೆಯಲ್ಲಿ ಇಂಥವಕ್ಕೆ ಪ್ಯಾಡ್, ಸೀಲ್ ಹುಡುಕುವುದು ಕಷ್ಟವಲ್ಲ. ಕಾರಿನ ಕ್ಯಾಲಿಪರ್ ಹತ್ತಿಂಚಿನ ಚಕ್ರದೊಳಗೆ ಹೋಗುವುದೇ ಇಲ್ಲ. ಹಣವಿದ್ದ ತಂಡಗಳು ಅಮೆರಿಕದ ವಿಲ್‌ವುಡ್, ಬ್ರಿಟನ್ನಿನ ಎಪಿ ರೇಸಿಂಗ್ ಕಂಪನಿಗಳ ಪುಟ್ಟ ಕ್ಯಾಲಿಪರುಗಳನ್ನು ತರಿಸುತ್ತವೆ. ಅವುಗಳಲ್ಲಿ ಡಿಸ್ಕಿನ ಎರಡೂ ಬದಿಗೆ ಪಿಸ್ಟನ್ ಇರುತ್ತದೆ, ಕ್ಯಾಲಿಪರ್ ಅಲುಗುವುದಿಲ್ಲ. ಬೈಕಿನವು ಹೆಚ್ಚಾಗಿ ಪಿನ್ನಿನ ಮೇಲೆ ಸರಿಯುವ ಮಾದರಿ. ಆ ಪಿನ್ನಿಗೆ ಗ್ರೀಸ್ ಒಣಗಿದರೆ ಒಂದು ಪ್ಯಾಡ್ ಸವೆದು ಇನ್ನೊಂದು ಹೊಸದಾಗಿಯೇ ಉಳಿಯುತ್ತದೆ.

ಈಗ ಲೆಕ್ಕ ಮುಂದುವರಿಸೋಣ. ಮುಂದಿನ ಒಂದು ಚಕ್ರದ ಮೇಲೆ 108 ಕೆಜಿ ಭಾರ, ಟೈರಿನ ತ್ರಿಜ್ಯ 23 ಸೆಂ.ಮೀ. ಆ ಚಕ್ರವನ್ನು ಲಾಕ್ ಮಾಡಲು ಸುಮಾರು 340 ನ್ಯೂಟನ್ ಮೀಟರ್ ತಿರುಚುಬಲ ಬೇಕು. ಪ್ಯಾಡಿನ ಘರ್ಷಣೆ 0.4, ಪ್ಯಾಡ್ ಹಿಡಿಯುವ ಜಾಗ ಡಿಸ್ಕಿನ ನಡುವಿನಿಂದ 8 ಸೆಂ.ಮೀ. ದೂರ, ಬದಿಗೊಂದರಂತೆ 32 ಮಿ.ಮೀ. ಪಿಸ್ಟನ್ ಎಂದಿಟ್ಟರೆ ಪೈಪಿನಲ್ಲಿ 66 ಬಾರ್ ಒತ್ತಡ ಹುಟ್ಟಬೇಕು. ಹಿಂದೆ 25.4 ಮಿ.ಮೀ. ಪಿಸ್ಟನ್ ಇದ್ದರೆ 41 ಬಾರ್ ಸಾಕು. ಈ ಒತ್ತಡ ಹುಟ್ಟಿಸುವುದು ಮಾಸ್ಟರ್ ಸಿಲಿಂಡರ್, ಅದನ್ನು ತಳ್ಳುವುದು ಪೆಡಲ್.

ಹೊಸಬರು ಮುಗ್ಗರಿಸುವುದು ಇಲ್ಲೇ. ಬ್ರೇಕ್ ಗಟ್ಟಿಯಾಗಿ ಹಿಡಿಯಲೆಂದು ದೊಡ್ಡ ಮಾಸ್ಟರ್ ಸಿಲಿಂಡರ್ ತಂದು ಹಾಕುತ್ತಾರೆ. ಆಗುವುದು ಅದಕ್ಕೆ ತದ್ವಿರುದ್ಧ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಸಿಲಿಂಡರಿನ ಬಾಯಿ ಅಗಲವಾದಷ್ಟೂ ಅದೇ ಪಾದದಿಂದ ಸಿಗುವ ಒತ್ತಡ ಇಳಿಯುತ್ತದೆ. ನಮ್ಮ ಉದಾಹರಣೆಯ ಕಾರಿನಲ್ಲಿ ಪೆಡಲ್ ಐದು ಪಟ್ಟು ಬಲ ಹೆಚ್ಚಿಸುತ್ತದೆ, ಎರಡೂ ಸಿಲಿಂಡರ್ 15.9 ಮಿ.ಮೀ., ಅಂದರೆ ಪೇಟೆಯ ಭಾಷೆಯಲ್ಲಿ ಐದು ಬೈ ಎಂಟು ಇಂಚಿನವು. ನಾಲ್ಕೂ ಚಕ್ರ ಲಾಕ್ ಮಾಡಲು ಚಾಲಕ ಸುಮಾರು 43 ಕೆಜಿ ಬಲದಿಂದ ಒತ್ತಬೇಕು. ಬೂಸ್ಟರ್ ಇಲ್ಲದ ಕಾರಿಗೆ ಇದು ಹಿತವಾದ ಭಾರ. ಅದರ ಬದಲು ಮುಕ್ಕಾಲಿಂಚಿನ, ಅಂದರೆ 19 ಮಿ.ಮೀ. ಸಿಲಿಂಡರ್ ಹಾಕಿದರೆ ಅದೇ ಕೆಲಸಕ್ಕೆ 62 ಕೆಜಿ ಒತ್ತಬೇಕು. ಪೆಡಲ್ ಕೆಳಗಿಳಿಯುವ ದೂರ ಮಾತ್ರ ಮೂರನೇ ಒಂದರಷ್ಟು ಕಡಿಮೆಯಾಗುತ್ತದೆ. ಪೆಡಲ್ ಕಲ್ಲಿನಷ್ಟು ಗಟ್ಟಿ ಇದ್ದೂ ಕಾರು ನಿಲ್ಲದಿದ್ದರೆ ಮೊದಲು ನೋಡಬೇಕಾದ್ದು ಸಿಲಿಂಡರಿನ ಮೈಮೇಲೆ ಒತ್ತಿರುವ ಅಳತೆಯನ್ನು.

ಬೂಸ್ಟರಿನ ಬಗ್ಗೆ ಒಂದು ಮಾತು. ರಸ್ತೆ ಕಾರಿನ ಪೆಡಲಿನ ಹಿಂದೆ ಕೂತ ಆ ದೊಡ್ಡ ಡಬ್ಬ ಎಂಜಿನ್ನಿನ ನಿರ್ವಾತದಿಂದ ಪಾದಕ್ಕೆ ನೆರವಾಗುತ್ತದೆ. ಹಗುರ ಕಾರಿಗೆ ಅದು ಬೇಡ. ಪಾದಕ್ಕೂ ಟೈರಿಗೂ ನಡುವಿನ ಸುಳಿವನ್ನು ಅದು ಮಂಕು ಮಾಡುತ್ತದೆ. ಆದರೆ ಬೂಸ್ಟರ್ ತೆಗೆದು ಅದೇ ಪೆಡಲ್, ಅದೇ ಸಿಲಿಂಡರ್ ಉಳಿಸಿಕೊಂಡರೆ ಕಾಲು ಸೋಲುತ್ತದೆ. ಪೆಡಲಿನ ಅನುಪಾತ, ಸಿಲಿಂಡರಿನ ಅಳತೆ ಎರಡನ್ನೂ ಹೊಸದಾಗಿ ಗೊತ್ತು ಮಾಡಬೇಕು.

ಒಂದು ಸಿಲಿಂಡರೋ ಎರಡೋ ಎಂಬುದು ಮುಂದಿನ ಪ್ರಶ್ನೆ. ಒಂದು ಕಡೆ ಸೋರಿದರೂ ಕನಿಷ್ಠ ಎರಡು ಚಕ್ರ ಬ್ರೇಕ್ ಹಿಡಿಯುವಂತೆ ಎರಡು ಪ್ರತ್ಯೇಕ ಆಯಿಲ್ ಸರ್ಕ್ಯೂಟ್ ಇರಲೇಬೇಕೆಂದು ವಿದ್ಯಾರ್ಥಿ ಸ್ಪರ್ಧೆಗಳ ನಿಯಮ ಹೇಳುತ್ತದೆ. ಮಾರುತಿಯಂಥ ಕಾರಿನ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್ ಒಂದೇ ಕೊಳವೆಯೊಳಗೆ ಎರಡು ಸರ್ಕ್ಯೂಟ್ ಇಟ್ಟುಕೊಂಡಿರುತ್ತದೆ. ಅಗ್ಗ, ಗಟ್ಟಿ, ಎಲ್ಲೆಡೆ ಸಿಗುತ್ತದೆ. ಆದರೆ ಎರಡೂ ಕಡೆಗೆ ಒಂದೇ ಒತ್ತಡ ಕಳಿಸುತ್ತದೆ. ಮುಂದಿನ ಹಿಂದಿನ ಹಂಚಿಕೆಯನ್ನು ಪಿಸ್ಟನ್ ಮತ್ತು ಡಿಸ್ಕಿನ ಅಳತೆಯಲ್ಲೇ ಮೊದಲೇ ಕೂಡಿಸಿಡಬೇಕು. ಲೆಕ್ಕ ತಪ್ಪಿದರೆ ಹಿಂದಿನ ಪೈಪಿಗೆ ಒತ್ತಡ ತಗ್ಗಿಸುವ ವಾಲ್ವ್ ಹಾಕಿ ಸರಿದೂಗಿಸಬೇಕಾಗುತ್ತದೆ.

ರೇಸ್ ಕಾರು ಕಟ್ಟುವವರು ಇಷ್ಟಪಡುವುದು ಎರಡು ಬೇರೆ ಸಿಲಿಂಡರ್, ನಡುವೆ ಒಂದು ಬ್ಯಾಲೆನ್ಸ್ ಬಾರ್. ಪೆಡಲಿನ ಮೈಯಲ್ಲಿ ಅಡ್ಡಲಾಗಿ ಹಾದ, ಥ್ರೆಡ್ ಇರುವ ಕಂಬಿ ಅದು. ಅದರ ಮೇಲೊಂದು ಗುಂಡು ಬೇರಿಂಗು, ಎರಡು ತುದಿಯಲ್ಲಿ ಎರಡು ಸಿಲಿಂಡರಿನ ತಳ್ಳುಕಡ್ಡಿ. ಬೇರಿಂಗು ಯಾವ ತುದಿಗೆ ಹತ್ತಿರವೋ ಆ ಸಿಲಿಂಡರಿಗೆ ಹೆಚ್ಚು ಪಾಲು. ತಳ್ಳುಕಡ್ಡಿಗಳ ನಡುವೆ 60 ಮಿ.ಮೀ. ಇದ್ದರೆ ನಮ್ಮ ಕಾರಿನಲ್ಲಿ ಬೇರಿಂಗು ನಟ್ಟನಡುವಿನಿಂದ 7 ಮಿ.ಮೀ.ನಷ್ಟು ಮುಂದಿನ ಬ್ರೇಕಿನ ಸಿಲಿಂಡರ್ ಕಡೆಗಿರಬೇಕು.

ಮಳೆ ಬಂದರೆ ಈ ಕಂಬಿಯ ಬೆಲೆ ಗೊತ್ತಾಗುತ್ತದೆ. ಒದ್ದೆ ಟ್ರ್ಯಾಕಿನಲ್ಲಿ ಹಿಡಿತ ಅರ್ಧಕ್ಕಿಳಿದರೆ ಮುಂದಕ್ಕೆ ವಾಲುವ ಭಾರವೂ ಅರ್ಧವಾಗುತ್ತದೆ. ಈಗ ಮುಂದಿನ ಚಕ್ರಗಳ ಮೇಲೆ 176 ಕೆಜಿ, ಹಿಂದೆ 124. ಒಣ ನೆಲಕ್ಕೆ ಹೊಂದಿಸಿದ ಬ್ರೇಕ್ ಹಾಗೆಯೇ ಇದ್ದರೆ ಮುಂದಿನ ಚಕ್ರ ಮುಟ್ಟಿದರೆ ಲಾಕ್. ಬೇರಿಂಗನ್ನು ಒಂಬತ್ತು ಮಿ.ಮೀ.ನಷ್ಟು ಹಿಂದಿನ ಸಿಲಿಂಡರ್ ಕಡೆಗೆ ಸರಿಸಿದರೆ ಲೆಕ್ಕ ಮತ್ತೆ ಕೂಡುತ್ತದೆ, ಪಾದದ ಬಲ 23 ಕೆಜಿ ಸಾಕಾಗುತ್ತದೆ. ಡ್ಯಾಶ್‌ಬೋರ್ಡಿನ ಗುಂಡಿಗೆ ಕೇಬಲ್ ಎಳೆದುಕೊಂಡ ಕಾರಿನಲ್ಲಿ ಚಾಲಕ ಕೂತಲ್ಲೇ ಇದನ್ನು ತಿರುಗಿಸಬಲ್ಲ.

ಪ್ಯಾಡ್, ಆಯಿಲ್, ನಟ್ಟು

ಪ್ಯಾಡಿನ ವಿಷಯದಲ್ಲಿ ‘ರೇಸಿಂಗ್’ ಎಂಬ ಲೇಬಲ್ಲಿಗೆ ಮರುಳಾಗಬಾರದು. ಗಟ್ಟಿ ರೇಸ್ ಪ್ಯಾಡುಗಳು ಚೆನ್ನಾಗಿ ಕಾದ ಮೇಲಷ್ಟೇ ಸರಿಯಾಗಿ ಹಿಡಿಯುತ್ತವೆ. ದಪ್ಪ ಡಿಸ್ಕಿನ ಹಗುರ ಕಾರು ಗುಡ್ಡದ ಓಟದಂಥ ಒಂದೆರಡು ನಿಮಿಷದ ಸ್ಪರ್ಧೆಯಲ್ಲಿ ಆ ಬಿಸಿ ಮುಟ್ಟುವ ಮೊದಲೇ ಓಟ ಮುಗಿದಿರುತ್ತದೆ. ಮೊದಲ ತಿರುವಿನಲ್ಲೇ ತಣ್ಣಗೆ ಹಿಡಿಯುವ ಮೆತ್ತನೆಯ ಪ್ಯಾಡ್ ಅಲ್ಲಿಗೆ ಸರಿ. ತೆಳು ಡಿಸ್ಕಿನ ಕಾಲೇಜು ಕಾರಿನ ಕಥೆ ಬೇರೆ. ಅದರ ದೀರ್ಘ ಓಟ ಸುಮಾರು 22 ಕಿ.ಮೀ., ತಿರುವಿನ ಮೇಲೆ ತಿರುವು. ಅಲ್ಲಿ ಮಧ್ಯಮ ಬಿಸಿ ತಾಳುವ ಪ್ಯಾಡ್ ಬೇಕು.

ಬ್ರೇಕ್ ಆಯಿಲ್ಲಿನ ಡಬ್ಬಿಯ ಮೇಲೆ ಡಾಟ್ 3, ಡಾಟ್ 4 ಎಂದು ಬರೆದಿರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿಗೆ, ಡಾಟ್ 4 ಕನಿಷ್ಠ 230ಕ್ಕೆ, ಡಾಟ್ 5.1 ಕನಿಷ್ಠ 260ಕ್ಕೆ ಕುದಿಯಬೇಕೆಂಬುದು ಮಾನದಂಡ. ಇವೆಲ್ಲ ಗಾಳಿಯ ತೇವವನ್ನು ಹೀರುತ್ತವೆ. ನೀರು ಸೇರಿದ ಡಾಟ್ 4ಗೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕುದ್ದರೆ ಪೈಪಿನೊಳಗೆ ಆವಿಯ ಗುಳ್ಳೆ, ಪೆಡಲ್ ಸೀದಾ ನೆಲಕ್ಕೆ. ಮುಚ್ಚಳ ತೆಗೆದು ತಿಂಗಳಾದ ಡಬ್ಬಿಯನ್ನು ಸ್ಪರ್ಧೆಗೆ ಬಳಸದಿರುವುದು ಇದೇ ಕಾರಣಕ್ಕೆ. ಹೆಸರಿನಲ್ಲಿ ಹತ್ತಿರವಿದ್ದರೂ ಡಾಟ್ 5 ಸಿಲಿಕೋನ್ ಜಾತಿಯದು, ಉಳಿದವುಗಳ ಜೊತೆ ಬೆರೆಸುವಂತಿಲ್ಲ.

ಮೂರು ಮನೆಯ ಸಾಮಾನು ಕೂಡಿಸುವವರನ್ನು ಕಾಡುವ ಇನ್ನೊಂದು ಸಣ್ಣ ವಸ್ತು ಪೈಪಿನ ತುದಿಯ ನಟ್ಟು. ಅಮೆರಿಕದ ಸಿಲಿಂಡರಿನಲ್ಲಿ ಇಂಚಿನ ಥ್ರೆಡ್ಡು, ಬೈಕಿನ ಕ್ಯಾಲಿಪರಿನಲ್ಲಿ ಮಿಲಿಮೀಟರಿನದು. ಮೂರು ಬೈ ಎಂಟು ಇಂಚಿನ ನಟ್ಟಿನ ವ್ಯಾಸ 9.5 ಮಿ.ಮೀ., ಎಂ10 ನಟ್ಟಿನದು 10. ಎರಡರ ಥ್ರೆಡ್ಡಿನ ಅಂತರವೂ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಇಂಚಿನದು ಎಂ10 ತೂತಿನೊಳಗೆ ಕೈಯಲ್ಲೇ ಸಲೀಸಾಗಿ ಹೋಗುತ್ತದೆ, ಸ್ಪ್ಯಾನರಿಗೂ ಸ್ವಲ್ಪ ಬಿಗಿದಂತೆ ಕಾಣುತ್ತದೆ, ಒತ್ತಡ ಬಂದಾಗ ಥ್ರೆಡ್ ಕಿತ್ತು ಈಚೆ ಬರುತ್ತದೆ. ಬೈಕುಗಳಲ್ಲೂ ಎಂ10 ಬೋಲ್ಟು 1.0 ಮತ್ತು 1.25 ಎಂಬ ಎರಡು ಅಂತರದಲ್ಲಿ ಬರುತ್ತದೆ. ಥ್ರೆಡ್ ಗೇಜ್ ಹಿಡಿದು ಅಳೆದು, ಪ್ರತಿ ತುದಿಗೂ ಚೀಟಿ ಕಟ್ಟುವುದು ಒಳ್ಳೆಯ ಗ್ಯಾರೇಜುಗಳ ರೂಢಿ.

ಇಷ್ಟೆಲ್ಲ ಆದ ಮೇಲೂ ಪೆಡಲ್ ಮೆತ್ತಗಿದ್ದರೆ ಮೆಕ್ಯಾನಿಕ್ ಮೊದಲು ಹೇಳುವುದು ‘ಏರ್ ಹಿಡಿದಿದೆ ಸಾರ್’. ಬಹುತೇಕ ಸಲ ನಿಜವೂ ಹೌದು. ಏರ್ ತೆಗೆದ ಮೇಲೂ ಹಾಗೆಯೇ ಇದ್ದರೆ ಒಬ್ಬರು ಪೆಡಲ್ ಒತ್ತುವಾಗ ಇನ್ನೊಬ್ಬರು ಟಾರ್ಚ್ ಹಿಡಿದು ಪೆಡಲ್ ಕೂತ ತಗಡು, ಕ್ಯಾಲಿಪರ್ ಹಿಡಿದ ಬ್ರಾಕೆಟ್ ನೋಡಬೇಕು; ಅವು ಬಾಗುವುದು ಬರಿಗಣ್ಣಿಗೇ ಕಾಣುತ್ತದೆ. ಪೆಡಲು 2000 ನ್ಯೂಟನ್, ಅಂದರೆ ಇನ್ನೂರು ಕೆಜಿಯಷ್ಟು ಬಲ ತಾಳಬೇಕೆಂದು ವಿದ್ಯಾರ್ಥಿ ಸ್ಪರ್ಧೆಗಳ ನಿಯಮವಿದೆ. ಮಾಮೂಲಿ ಬ್ರೇಕಿಗೆ ಬೇಕಾದ 43 ಕೆಜಿಯ ಎದುರು ಅದು ಅತಿಯೆನಿಸಬಹುದು. ಗಾಬರಿಯಲ್ಲಿ ಒದ್ದ ಕಾಲಿಗೆ ಲೆಕ್ಕ ಇರುವುದಿಲ್ಲ. ಪೆಡಲ್ ಮಿತಿ ಮೀರಿ ಕೆಳಗಿಳಿದರೆ ಎಂಜಿನ್ನೇ ಬಂದ್ ಆಗುವಂತೆ ಅದರ ಹಿಂದೊಂದು ಸ್ವಿಚ್ಚನ್ನೂ ನಿಯಮ ಕೇಳುತ್ತದೆ.

ಎಲೆಕ್ಟ್ರಿಕ್ ಕಾರುಗಳು ಈ ಲೆಕ್ಕಕ್ಕೆ ಹೊಸ ಸಾಲು ಸೇರಿಸಿವೆ. ಮೋಟಾರೇ ಜನರೇಟರ್ ಆಗಿ ವೇಗ ತಗ್ಗಿಸಿದರೆ ಬಿಸಿಯಾಗಿ ಹೋಗಬೇಕಾದ ಶಕ್ತಿಯ ಒಂದು ಪಾಲು ಬ್ಯಾಟರಿಗೆ ಮರಳುತ್ತದೆ, ಡಿಸ್ಕು ಅಷ್ಟು ಕಾಯುವುದಿಲ್ಲ. ಆದರೆ ಆ ಕಾರುಗಳೂ ಮೋಟಾರಿನ ಕರೆಂಟ್ ಕಡಿದು, ಬರೀ ಆಯಿಲ್ ಬ್ರೇಕಿನಿಂದ ನಾಲ್ಕೂ ಚಕ್ರ ಲಾಕ್ ಮಾಡಿ ತೋರಿಸಬೇಕು. ಹಾಗಾಗಿ ಕ್ಯಾಲಿಪರ್, ಸಿಲಿಂಡರಿನ ಅಳತೆ ಇಳಿಯದು. ಡಿಸ್ಕಿನ ದಪ್ಪದಲ್ಲಿ ಮಾತ್ರ ಚೌಕಾಸಿಗೆ ಜಾಗವಿದೆ.

ಮೈದಾನದಲ್ಲಿ

ಮನೆಯಲ್ಲೋ ಕಾಲೇಜಿನಲ್ಲೋ ಕಟ್ಟಿದ ಇಂಥ ಕಾರಿಗೆ ಆರ್‌ಟಿಒ ನೋಂದಣಿ ಇರುವುದಿಲ್ಲ, ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಬಾಡಿಗೆಯ ಟ್ರ್ಯಾಕು ಅಥವಾ ಗೇಟು ಹಾಕಿದ ಕ್ಯಾಂಪಸ್ ರಸ್ತೆಯಲ್ಲೇ ಪರೀಕ್ಷೆ. ಮೊದಲು ಹೊಸ ಪ್ಯಾಡನ್ನು ಡಿಸ್ಕಿಗೆ ಪಳಗಿಸಬೇಕು: ಮಧ್ಯಮ ವೇಗದಿಂದ ಹಲವು ಸಲ ಹಗುರವಾಗಿ ನಿಧಾನಿಸಿ, ಪೂರ್ತಿ ನಿಲ್ಲಿಸದೆ, ಕೊನೆಗೆ ಗಾಳಿಗೆ ತಣಿಯಲು ಬಿಟ್ಟು. ಆಮೇಲೆ ಬ್ಯಾಲೆನ್ಸ್ ಬಾರನ್ನು ಬೇಕೆಂದೇ ಮುಂದಕ್ಕೆ ಹೆಚ್ಚಾಗಿಟ್ಟು, ಬ್ರೇಕ್ ಹಿಡಿದು, ಒಂದೊಂದೇ ಸುತ್ತು ಹಿಂದಕ್ಕೆ ತರುತ್ತಾರೆ. ಪಕ್ಕದಲ್ಲಿ ನಿಂತವರು ಫೋನಿನಲ್ಲಿ ನಿಧಾನಗತಿಯ ವಿಡಿಯೊ ಮಾಡಿದರೆ ಯಾವ ಚಕ್ರ ಮೊದಲು ನಿಂತಿತೆಂದು ವಾದಕ್ಕೆ ಎಡೆಯಿಲ್ಲ. ಬಿಸಿಗೆ ಬಣ್ಣ ಬದಲಿಸುವ ಪೇಂಟನ್ನು ಡಿಸ್ಕಿನ ಅಂಚಿಗೆ ಹಚ್ಚಿದರೆ, ಲೆಕ್ಕದ ಹಾಳೆಯ ಮೇಲಿದ್ದ ಡಿಗ್ರಿಗಳು ಸರಿಯೋ ತಪ್ಪೋ ಅಲ್ಲೇ ತಿಳಿಯುತ್ತದೆ.

ದಿನದ ಕೊನೆಗೆ ಕಾರನ್ನು ಜಾಕ್ ಮೇಲೆತ್ತಿ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬ್ರೇಕ್ ಹೋಸು ಟೈರಿಗಾಗಲಿ ಸಸ್ಪೆನ್ಷನ್ ತೋಳಿಗಾಗಲಿ ಉಜ್ಜಿದ ಗುರುತಿದೆಯೇ ನೋಡಬೇಕು. ಎಡ ಬಲ ಪ್ಯಾಡುಗಳ ಸವೆತ ಅಳೆದು ಬರೆದಿಡಬೇಕು. ಬ್ಯಾಲೆನ್ಸ್ ಬಾರ್ ಎಷ್ಟನೇ ಸುತ್ತಿನಲ್ಲಿದೆ ಎಂಬುದನ್ನು ಬಿಳಿ ಪೇಂಟಿನ ಗೀಟಿನಿಂದ ಗುರುತು ಮಾಡಿ, ಒಣ ಟ್ರ್ಯಾಕಿಗೊಂದು, ಒದ್ದೆ ಟ್ರ್ಯಾಕಿಗೊಂದು ಅಂಕಿಯನ್ನು ಪೆಡಲ್ ಬಾಕ್ಸಿನ ಮೇಲೆಯೇ ಬರೆದಿಟ್ಟರೆ, ಮುಂದಿನ ಸಲ ಚಾಲಕ ಬದಲಾದರೂ ಶೆಡ್ಡಿನಲ್ಲಿ ಮೊದಲಿಂದ ಹುಡುಕಬೇಕಿಲ್ಲ.